ಹಳೆಯ ರೇಡಿಯೋಗೆ ಹೊಸ ಮುಖ

ಮನುಷ್ಯನ ಗುರುತು ಅವನ ಮುಖದಲ್ಲಿರುವಂತೆ ಹಳೆಯ ರೇಡಿಯೋದ ಗುರುತು ಅದರ ಡಯಲಿನಲ್ಲಿದೆ. ಗುಂಡಿಯನ್ನು ತಿರುಗಿಸಿದೊಡನೆ ಗಾಜಿನ ಹಿಂದೆ ಸಣ್ಣ ದೀಪವು ಬೆಳಗಿ, ದಿಲ್ಲಿ, ಮುಂಬಯಿ, ಮದರಾಸು, ಸಿಲೋನ್ ಎಂಬ ಹೆಸರುಗಳು ಹೊಳೆಯುತ್ತಿದ್ದ ಆ ಮರದ ಪೆಟ್ಟಿಗೆಗಳನ್ನು ಇಂದು ಮತ್ತೆ ಹುಡುಕಿಕೊಂಡು ಹೋಗುವವರಿದ್ದಾರೆ. ಕೆಲವರಿಗೆ ಅದು ಹೋಟೆಲಿನ ಗಲ್ಲಾದ ಪಕ್ಕದ ಅಲಂಕಾರ. ಕೆಲವರಿಗೆ ತಂದೆ ಬಿಟ್ಟುಹೋದ ಆಸ್ತಿ. ಊರು ಬಿಟ್ಟು ಎರ್ನಾಕುಳದಲ್ಲಿಯೂ ತಿರುವನಂತಪುರದಲ್ಲಿಯೂ ದುಡಿಯುವ ನಮ್ಮವರಿಗೆ ರೇಡಿಯೋ ಎಂದರೆ ಒಂದು ಕಾಲದಲ್ಲಿ ಊರಿನ ದನಿಯೇ ಆಗಿತ್ತು. ಆದುದರಿಂದ ಈ ವಿಷಯವು ನಮ್ಮ ವಾಚಕರಿಗೆ ಹೊರಗಿನದಲ್ಲ.

ಹಳೆಯ ರೇಡಿಯೋವನ್ನು ಮತ್ತೆ ನುಡಿಸುವುದು ಅಸಾಧ್ಯವೇನಲ್ಲ. ವಾಲ್ವು ಹುಡುಕಿದರೆ ಸಿಕ್ಕೀತು. ಕೆಟ್ಟ ಕಂಡೆನ್ಸರಿಗೆ ಬದಲು ಹೊಸದನ್ನು ಹಾಕಬಹುದು. ಆದರೆ ಮರ್ಫಿಯ ಅಥವಾ ಫಿಲಿಪ್ಸಿನ ಒಂದು ನಿರ್ದಿಷ್ಟ ಮಾದರಿಯ ಡಯಲು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವ ವಸ್ತುವಲ್ಲ. ಕೇರಳದ ಮಳೆಗಾಲದ ತೇವವು ಗಾಜಿನ ಹಿಂಬದಿಯ ಬಣ್ಣವನ್ನು ಮೆಲ್ಲಮೆಲ್ಲನೆ ಸಡಿಲಿಸುತ್ತದೆ; ಬೂಷ್ಟು ಅದನ್ನು ತಿನ್ನುತ್ತದೆ. ದೊಡ್ಡ ಬಲ್ಬು ಹಾಕಿದಲ್ಲಿ ಶಾಖಕ್ಕೆ ಬಣ್ಣವು ಹಪ್ಪಳದಂತೆ ಏಳುತ್ತದೆ. ಉಳಿದುದನ್ನು ನಮ್ಮ ಶುಚಿತ್ವದ ಉತ್ಸಾಹವು ಮುಗಿಸುತ್ತದೆ. ಸಾಬೂನಿನ ನೀರಿನಲ್ಲಿ ಒಮ್ಮೆ ತಿಕ್ಕಿದರೆ ಸಾಕು, ಧೂಳಿನೊಡನೆ ಊರುಗಳ ಹೆಸರುಗಳೂ ಬಟ್ಟೆಗೆ ಬಂದುಬಿಡುತ್ತವೆ. ಗಾಜಿನ ಮುಂಬದಿಯನ್ನು ಮಾತ್ರ ಒರೆಸಬೇಕು, ಹಿಂಬದಿಯನ್ನು ಮುಟ್ಟಲಾಗದು.

ಹೋದ ಮುಖವನ್ನು ಮತ್ತೆ ಮಾಡುವ ಕ್ರಮವೇನು? ಮೊದಲು ತಂತಿಯನ್ನು ಗೋಡೆಯಿಂದ ಕಳಚಬೇಕು. ಕಳಚಿದ ಮೇಲೂ ಕಂಡೆನ್ಸರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುವುದರಿಂದ ಪೆಟ್ಟಿಗೆಯನ್ನು ಬಿಚ್ಚುವ ಕೆಲಸವನ್ನು ಬಲ್ಲವರಿಗೇ ಬಿಡುವುದು ಲೇಸು. ಹೊರತೆಗೆದ ಡಯಲಿನ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಟ್ಟು ಸ್ಕ್ಯಾನರಿನಲ್ಲಿ ಪ್ರತಿ ತೆಗೆಯಬೇಕು. ಕ್ಯಾಮರಾದ ಚಿತ್ರದಲ್ಲಿ ಅಂಚಿನ ಗೆರೆಗಳು ಬಾಗುವುದುಂಟು. ಆ ಪ್ರತಿಯ ಮೇಲೆ ಪ್ರತಿಯೊಂದು ಗೆರೆಯನ್ನೂ ಅಕ್ಷರವನ್ನೂ ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದು, ಸಾದಾ ಕಾಗದದಲ್ಲಿ ಮುದ್ರಿಸಿ, ರೇಡಿಯೋದಲ್ಲಿಯೇ ಇರಿಸಿ, ಮುಳ್ಳು ಎರಡು ತುದಿಗಳಲ್ಲಿಯೂ ಸರಿಯಾಗಿ ನಿಲ್ಲುವುದೇ ಎಂದು ಪರೀಕ್ಷಿಸಬೇಕು. ಅನಂತರವೇ ಗಾಜಿನ ಕೆಲಸ. ಮದುವೆಯ ಕರೆಯೋಲೆಗಳನ್ನು ಅಚ್ಚುಮಾಡುವ ಸ್ಕ್ರೀನ್ ಪ್ರಿಂಟಿಂಗಿನ ವಿಧಾನವೇ ಇಲ್ಲಿಯೂ ಸಲ್ಲುತ್ತದೆ. ಆದರೆ ಗಾಜಿನ ಹಿಂಬದಿಗೆ ಅಚ್ಚುಮಾಡುವುದರಿಂದ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಮೊದಲು ಅಕ್ಷರ, ಆಮೇಲೆ ಹಿನ್ನೆಲೆಯ ಬಣ್ಣ. ಕಡಿಮೆ ಖರ್ಚಿನಲ್ಲಿ ಆಗಬೇಕಾದರೆ ಪಾರದರ್ಶಕ ಹಾಳೆಯ ಮೇಲೆ ಲೇಸರ್ ಮುದ್ರಣವನ್ನು ಮಾಡಿಸಬಹುದು. ಸಾಮಾನ್ಯ ಯಂತ್ರಗಳು ಬಿಳಿಯ ಬಣ್ಣವನ್ನು ಅಚ್ಚುಮಾಡಲಾರವು. ಆದುದರಿಂದ ಅಕ್ಷರದ ಜಾಗವನ್ನು ಖಾಲಿ ಬಿಟ್ಟು, ಸುತ್ತಲೂ ಕಪ್ಪು ತುಂಬಿ, ಹಿಂದೆ ಬಿಳಿಯ ಕಾಗದವನ್ನು ಇರಿಸುತ್ತಾರೆ.

ಮೀಟರಿನ ಮುಖಕ್ಕೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಓಮ್ ಅಳೆಯುವ ಪಟ್ಟಿಯಲ್ಲಿ ಗೆರೆಗಳು ಒಂದು ಕಡೆಗೆ ಒತ್ತೊತ್ತಾಗಿಯೂ ಇನ್ನೊಂದು ಕಡೆಗೆ ವಿರಳವಾಗಿಯೂ ಇರುತ್ತವೆ. ಅಂದಕ್ಕಾಗಿ ಅವನ್ನು ಸಮವಾಗಿ ಹಂಚಿದರೆ ಮೀಟರು ಸುಳ್ಳು ಹೇಳುತ್ತದೆ. ಕಾಗದವು ದಪ್ಪವಾದರೆ ಮುಳ್ಳು ಅದಕ್ಕೆ ಉಜ್ಜಿ ನಿಂತುಬಿಡುತ್ತದೆ. ಹಿತ್ತಾಳೆಯ ನಾಮಫಲಕವನ್ನು ಫೆರಿಕ್ ಕ್ಲೋರೈಡಿನಲ್ಲಿ ಕೊರೆದು, ತಗ್ಗಿದ ಭಾಗದಲ್ಲಿ ಎನಾಮೆಲ್ ಬಣ್ಣ ತುಂಬಿ, ಮೇಲ್ಮೈಯನ್ನು ಉಜ್ಜಿದರೆ ಹಳೆಯ ಫಲಕದಂತೆಯೇ ಕಾಣುತ್ತದೆ.

ಹಳೆಯದರಂತೆಯೇ ಕಾಣುವುದರಲ್ಲಿಯೇ ಪ್ರಶ್ನೆಯೂ ಇದೆ. ಡಯಲು ಕೇವಲ ಅಲಂಕಾರವಲ್ಲ, ಅದೊಂದು ದಾಖಲೆ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿಯನ್ನು ಆರಂಭಿಸಿದುದು ೧೯೩೫ರಲ್ಲಿ. ತಿರುವಾಂಕೂರು ಸಂಸ್ಥಾನದ ನಿಲಯವು ತಿರುವನಂತಪುರದಲ್ಲಿ ೧೯೪೩ರಲ್ಲಿ ತೆರೆದು, ೧೯೫೦ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಧಾರವಾಡದ ನಿಲಯವು ೧೯೫೦ರದು, ಬೆಂಗಳೂರಿನದು ೧೯೫೫ರದು, ಮಂಗಳೂರಿನದು ೧೯೭೬ರದು. ಕೊಚ್ಚಿಯ ಆಕಾಶವಾಣಿಯು ೧೯೮೯ರಲ್ಲಿ, ಅದೂ ಎಫ್.ಎಂ. ನಿಲಯವಾಗಿ ಬಂದಿತು. ಸಿಲೋನ್ ದೇಶವು ಶ್ರೀಲಂಕಾ ಆದುದು ೧೯೭೨ರಲ್ಲಿ. ಈ ವರ್ಷಗಳನ್ನು ಬಲ್ಲವನು ಡಯಲನ್ನು ಜಾತಕದಂತೆ ಓದಬಲ್ಲನು. ೧೯೫೨ರದೆಂದು ಹೇಳುವ ರೇಡಿಯೋದ ಗಾಜಿನಲ್ಲಿ ಮಂಗಳೂರು ಇದ್ದರೆ ಆ ಗಾಜು ಆ ಕಾಲದ್ದಲ್ಲ. ಅಭಿಮಾನದಿಂದ ಯಾರಾದರೂ ತನ್ನ ಊರಿನ ಹೆಸರನ್ನು ಸೇರಿಸಿದರೆ, ಆ ಅಭಿಮಾನವೇ ದಾಖಲೆಯನ್ನು ಕೆಡಿಸಿದಂತಾಯಿತು.

ಸಂಖ್ಯೆಗಳ ವಿಷಯವೂ ಹಾಗೆಯೇ. ಮೂರು ಲಕ್ಷವನ್ನು ಕಿಲೋಸೈಕಲಿನ ಸಂಖ್ಯೆಯಿಂದ ಭಾಗಿಸಿದರೆ ಮೀಟರು ಬರುತ್ತದೆ: ೬೦೦ಕ್ಕೆ ಎದುರಾಗಿ ೫೦೦ ಮೀಟರು, ೧೫೦೦ಕ್ಕೆ ಎದುರಾಗಿ ೨೦೦ ಮೀಟರು. ಎರಡೂ ಪಟ್ಟಿಗಳು ಹೊಂದದಿದ್ದರೆ ಬರೆದವನು ತಪ್ಪಿದ್ದಾನೆಂದೇ ಅರ್ಥ. ಇನ್ನೊಂದು ಮಾತು. ೧೯೭೫ರ ಜಿನೀವಾ ಒಪ್ಪಂದದಂತೆ, ೧೯೭೮ರ ನವೆಂಬರ್ ೨೩ರಿಂದ ಏಷ್ಯಾ, ಯೂರೋಪು, ಆಫ್ರಿಕಾಗಳ ಮಧ್ಯಮ ತರಂಗದ ಆವರ್ತಗಳನ್ನು ಒಂಬತ್ತರ ಮಗ್ಗಿಗೆ ಹೊಂದಿಸಲಾಯಿತು. ಬೆಂಗಳೂರಿನ ೬೧೨, ಧಾರವಾಡದ ೭೬೫, ತಿರುವನಂತಪುರದ ೧೧೬೧ ಇವೆಲ್ಲವೂ ಒಂಬತ್ತರಿಂದ ಭಾಗವಾಗುವ ಸಂಖ್ಯೆಗಳು. ಹಾಗೆಂದು ಹಳೆಯ ಡಯಲಿನ ಹೆಸರುಗಳನ್ನು ಹೊಸ ಸ್ಥಾನಕ್ಕೆ ಸರಿಸಬಾರದು. ಬೇಕಾದರೆ ಹೊಸ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಹಿಂದೆ ಅಂಟಿಸಿರಿ.

ಮಟ್ಟಾಂಚೇರಿಯ ಯೆಹೂದಿ ಪೇಟೆಯಲ್ಲಾಗಲಿ ತಿರುವನಂತಪುರದ ಚಾಲೆಯಲ್ಲಾಗಲಿ ಹಳೆಯ ರೇಡಿಯೋ ಕೊಳ್ಳುವವರು ಒಂದು ಭೂತಗನ್ನಡಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕಂಪ್ಯೂಟರಿನ ವರ್ಣಮುದ್ರಣದಲ್ಲಿ ಬಣ್ಣಗಳು ಸಣ್ಣ ಚುಕ್ಕೆಗಳಾಗಿ ಕಾಣುತ್ತವೆ. ಹಳೆಯ ಅಚ್ಚಿನಲ್ಲಿ ಬಣ್ಣವು ಒಂದೇ ಹರವಾಗಿರುತ್ತದೆ. ನಕಲು ಎಂದ ಮಾತ್ರಕ್ಕೆ ಅದು ಕೀಳಲ್ಲ. ನಕಲನ್ನು ಅಸಲಿನ ಬೆಲೆಗೆ ಮಾರುವುದೇ ಕೀಳು. ವನಸ್ಪತಿಯಲ್ಲಿ ಕರಿದು ವನಸ್ಪತಿಯೆಂದೇ ಹೇಳುವ ಹೋಟೆಲಿನವನಿಗೆ ಅವಮಾನವಿಲ್ಲ. ತುಪ್ಪವೆಂದು ಫಲಕ ಹಾಕಿದವನಿಗೆ ಉಂಟು. ಡಯಲು ಮಾಡುವವನು ಅದರ ಮೂಲೆಯಲ್ಲಿ, ಪೆಟ್ಟಿಗೆಯೊಳಗೆ ಮರೆಯಾಗುವಂತೆ, “ಪುನರ್ನಿರ್ಮಿತ” ಎಂದು ಬರೆದು ವರ್ಷವನ್ನು ಹಾಕಲಿ. ಮುರಿದ ಹಳೆಯ ಗಾಜನ್ನು ಎಸೆಯದೆ, ಕಾಗದದಲ್ಲಿ ಸುತ್ತಿ ರೇಡಿಯೋದೊಡನೆಯೇ ಇಡಲಿ. ಮುಂದೆ ರಿಪೇರಿಗೆ ಕೂಡುವವನಿಗೆ ಅದೇ ಸಾಕ್ಷಿ.

ಕಛೇರಿಯ ಕಂಪ್ಯೂಟರಿನಲ್ಲಿ ಕೈ ಪಳಗಿದ ಗುಮಾಸ್ತರು ನಮ್ಮಲ್ಲಿದ್ದಾರೆ. ಬಿಡುವಿನ ವೇಳೆಯಲ್ಲಿ ಕಲಿತರೆ ಈ ಕಸುಬು ನಾಲ್ಕು ಕಾಸನ್ನೂ ಕೊಟ್ಟೀತು. ಈ ಬಾರಿ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲೆ ರೇಡಿಯೋ ಕಂಡುಬಂದರೆ ಒರೆಸಲು ಬಟ್ಟೆ ಹುಡುಕಬೇಡಿರಿ. ಅಳತೆಪಟ್ಟಿಯೊಂದನ್ನು ಪಕ್ಕದಲ್ಲಿಟ್ಟು ಮೊದಲು ಒಂದು ಚಿತ್ರ ತೆಗೆಯಿರಿ. ಅದು ಸ್ಕ್ಯಾನರಿಗೆ ಸಮವಲ್ಲವಾದರೂ, ಬಣ್ಣವು ನಾಳೆ ಉದುರಿದರೆ ಉಳಿಯುವುದು ಅದೊಂದೇ.