ಹಿತ್ತಿಲಿನ ಒಲೆಗೊಂದು ಹೊಗೆಗೂಡು

ಹೊಗೆಯಿರುವಲ್ಲಿ ಬೆಂಕಿಯಿರುವುದೆಂಬುದು ನಮ್ಮ ತರ್ಕಶಾಸ್ತ್ರದ ಅತಿ ಹಳೆಯ ಉದಾಹರಣೆ. ಬೆಂಕಿ ಹೊತ್ತಿಸಿ ಅಡುಗೆ ಮಾಡುವವನಿಗಾದರೋ ಬೇರೊಂದು ಪ್ರಶ್ನೆ ಎದುರಾಗುತ್ತದೆ: ಈ ಹೊಗೆಯನ್ನು ಎತ್ತ ಕಳುಹಿಸಬೇಕು? ಹಿತ್ತಿಲಿನಲ್ಲಿ ಇಟ್ಟಿಗೆಯ ಗುಮ್ಮಟ ಕಟ್ಟಿ, ಸೌದೆಯುರಿಯಲ್ಲಿ ಪಿಜ್ಜಾ ಬೇಯಿಸುವ ಹವ್ಯಾಸ ಇಂದು ಹಲವು ದೇಶಗಳಲ್ಲಿ ಹರಡಿದೆ. ಗುಮ್ಮಟವನ್ನು ಅಂದವಾಗಿ ಕಟ್ಟಿ ಮುಗಿಸಿದವರೂ ಮೊದಲ ದಿನದ ಉರಿಯೆದುರು ಕಣ್ಣೊರೆಸಿಕೊಳ್ಳುತ್ತ ದೂರ ಸರಿಯುವುದುಂಟು. ಹೊಗೆಯ ಕೊಳವೆಯನ್ನೂ ಅದರೊಳಗೆ ತಿರುಗುವ ‘ಡ್ಯಾಂಪರ್’ ಎಂಬ ಬಿಲ್ಲೆಯನ್ನೂ ಸರಿಯಾಗಿ ಅಳವಡಿಸಲು ಕೈಚಳಕದಷ್ಟೇ ಭೌತಶಾಸ್ತ್ರವೂ ಬೇಕು. ಅದು ಕಠಿನವಾದುದೇನೂ ಅಲ್ಲ; ಆದರೆ ಅದನ್ನು ಅಲಕ್ಷಿಸಿದರೆ ಅಡುಗೆ ಕೆಡುವುದು ಮಾತ್ರವಲ್ಲ, ಪ್ರಾಣಕ್ಕೂ ಅಪಾಯವೊದಗಬಹುದು.

ಗುಮ್ಮಟದ ಕೆಲಸ

ಈ ಒಲೆಯ ತವರು ಇಟಲಿಯ ನೇಪಲ್ಸ್ ನಗರ. ಅಲ್ಲಿ 1984ರಲ್ಲಿ ಸ್ಥಾಪಿತವಾದ ಪಿಜ್ಜಾ ತಯಾರಕರ ಸಂಘದ ನಿಯಮದಂತೆ ಒಲೆಯ ನೆಲದ ಉಷ್ಣತೆ 380ರಿಂದ 430 ಡಿಗ್ರಿ ಸೆಲ್ಸಿಯಸ್, ಗುಮ್ಮಟದ ಉಷ್ಣತೆ ಸುಮಾರು 485 ಡಿಗ್ರಿ ಇರಬೇಕು. ಪಿಜ್ಜಾ 60ರಿಂದ 90 ಸೆಕೆಂಡುಗಳಲ್ಲಿ ಬೇಯಬೇಕು. ಹಿಟ್ಟಿನ ಅಡಿಭಾಗಕ್ಕೆ ನೆಲದ ಇಟ್ಟಿಗೆಯಿಂದ ವಹನದ ಮೂಲಕ ಶಾಖ ಬರುತ್ತದೆ. ಮೇಲ್ಭಾಗಕ್ಕೆ ಬರುವುದು ಮುಖ್ಯವಾಗಿ ಗುಮ್ಮಟದ ವಿಕಿರಣ. 485 ಡಿಗ್ರಿಯಲ್ಲಿರುವ ಕಪ್ಪುಕಾಯವೊಂದರ ಪ್ರತಿ ಚದರ ಮೀಟರಿನಿಂದ ಸುಮಾರು 18.7 ಕಿಲೋವಾಟ್ ವಿಕಿರಣ ಹೊಮ್ಮುತ್ತದೆ. ನಡುಹಗಲ ನೆತ್ತಿಯ ಬಿಸಿಲು ಚದರ ಮೀಟರಿಗೆ ಕೊಡುವುದು ಸುಮಾರು 1 ಕಿಲೋವಾಟ್ ಎಂಬುದನ್ನು ನೆನೆದರೆ ಇದರ ಪ್ರಖರತೆ ಮನದಟ್ಟಾಗುತ್ತದೆ.

ಇಂಥ ಒಲೆಯ ಗುಮ್ಮಟದಲ್ಲಿ ರಂಧ್ರವಿರುವುದಿಲ್ಲ. ಒಂದೇ ಬಾಯಿಯ ಕೆಳಭಾಗದಿಂದ ತಂಪುಗಾಳಿ ಒಳನುಗ್ಗುತ್ತದೆ, ಮೇಲ್ಭಾಗದಿಂದ ಬಿಸಿ ಹೊಗೆ ಹೊರಬೀಳುತ್ತದೆ. ಬಾಯಿಯ ಎತ್ತರವು ಗುಮ್ಮಟದ ಒಳಎತ್ತರದ ಶೇಕಡಾ 63ರಷ್ಟಿರಬೇಕೆಂಬುದು ಒಲೆ ಕಟ್ಟುವವರ ರೂಢಿ. ಗುಮ್ಮಟದ ಎತ್ತರ 50 ಸೆಂಟಿಮೀಟರ್ ಆದರೆ ಬಾಯಿಯ ಎತ್ತರ ಸುಮಾರು 32 ಸೆಂಟಿಮೀಟರ್. ಉಳಿದ 18 ಸೆಂಟಿಮೀಟರಿನಲ್ಲಿ ಬಿಸಿ ಅನಿಲ ನಿಂತು, ತನ್ನ ಶಾಖವನ್ನು ಇಟ್ಟಿಗೆಗೆ ಒಪ್ಪಿಸಿ ಬಳಿಕ ಹೊರಡುತ್ತದೆ.

ಹೊಗೆಯನ್ನು ಎತ್ತುವವರು ಯಾರು?

ಹೊಗೆ ತಾನಾಗಿ ಮೇಲೇರುವುದೆಂದೂ ಹೊಗೆಗೂಡು ಅದನ್ನು ಹೀರಿಕೊಳ್ಳುವುದೆಂದೂ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇವೆರಡೂ ಸರಿಯಲ್ಲ. 1785ರಲ್ಲಿ ಫ್ರಾನ್ಸಿನಿಂದ ಅಮೆರಿಕಕ್ಕೆ ಮರಳುವ ಹಡಗಿನಲ್ಲಿ ಕುಳಿತು ಬೆಂಜಮಿನ್ ಫ್ರಾಂಕ್ಲಿನ್ ಹೊಗೆಗೂಡುಗಳ ದೋಷಗಳನ್ನು ಕುರಿತು ದೀರ್ಘವಾದ ಪತ್ರವೊಂದನ್ನು ಬರೆದನು. ಹೊಗೆ ಸ್ವತಃ ಗಾಳಿಗಿಂತ ಹಗುರವಲ್ಲ, ಕಾದ ಗಾಳಿ ಅದನ್ನು ಹೊತ್ತೊಯ್ಯುತ್ತದೆ ಎಂದು ಆತ ಅದರಲ್ಲಿ ವಿವರಿಸಿದನು.

ಲೆಕ್ಕ ಹಾಕಿ ನೋಡೋಣ. 27 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.18 ಕಿಲೋಗ್ರಾಂ. ಅದನ್ನು 327 ಡಿಗ್ರಿಗೆ ಕಾಯಿಸಿದರೆ ನಿರಪೇಕ್ಷ ಉಷ್ಣತೆ 300ರಿಂದ 600 ಕೆಲ್ವಿನ್‌ಗೆ, ಅಂದರೆ ಇಮ್ಮಡಿಗೆ, ಏರುತ್ತದೆ. ತೂಕ ಅರ್ಧಕ್ಕಿಳಿದು 0.59 ಕಿಲೋಗ್ರಾಂ ಆಗುತ್ತದೆ. ಆದುದರಿಂದ ಒಂದು ಮೀಟರ್ ಎತ್ತರದ ಕೊಳವೆಯೊಳಗಿನ ಬಿಸಿ ಸ್ತಂಭಕ್ಕೂ ಹೊರಗಿನ ತಂಪು ಸ್ತಂಭಕ್ಕೂ ಇರುವ ಒತ್ತಡದ ಅಂತರ ಸುಮಾರು 5.8 ಪ್ಯಾಸ್ಕಲ್. ಇದು ಬರಿಯ 0.6 ಮಿಲಿಮೀಟರ್ ಎತ್ತರದ ನೀರಿನ ಒತ್ತಡ! ಹೊರಗಿನ ಭಾರವಾದ ಗಾಳಿ ಈ ಅಲ್ಪಬಲದಿಂದಲೇ ಒಲೆಯೊಳಕ್ಕೆ ನುಗ್ಗಿ ಹಗುರವಾದ ಹೊಗೆಯನ್ನು ಮೇಲಕ್ಕೆ ನೂಕುತ್ತದೆ. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏಳುವಂತೆಯೇ ಇದೂ.

ಬಲ ಇಷ್ಟು ಅಲ್ಪವಾದುದರಿಂದಲೇ ಸಣ್ಣ ಅಡ್ಡಿಯೂ ಹೊಗೆಯನ್ನು ಹಿಂದಿರುಗಿಸಬಲ್ಲದು. ಕೊಳವೆಯ ಎತ್ತರ ಇಮ್ಮಡಿಯಾದರೆ ಒತ್ತಡವೂ ಇಮ್ಮಡಿಯಾಗುತ್ತದೆ. ವೇಗವನ್ನು ಇಮ್ಮಡಿಸಬೇಕಾದರೆ ಮಾತ್ರ ಎತ್ತರವನ್ನು ನಾಲ್ಮಡಿಸಬೇಕು. ಇನ್ನೊಂದು ಸ್ವಾರಸ್ಯವಿದೆ. ಅನಿಲ ಹೆಚ್ಚು ಬಿಸಿಯಾದಂತೆ ವೇಗವಾಗಿ ಏರುತ್ತದೆ, ಆದರೆ ವಿರಳವೂ ಆಗುತ್ತದೆ. ಆದುದರಿಂದ ಕೊಳವೆಯ ಮೂಲಕ ಸೆಕೆಂಡಿಗೆ ಸಾಗುವ ಅನಿಲದ ತೂಕವು ಹೊರಗಿನ ನಿರಪೇಕ್ಷ ಉಷ್ಣತೆಯ ಇಮ್ಮಡಿಯಲ್ಲಿ, ಅಂದರೆ ಸುಮಾರು 327 ಡಿಗ್ರಿಯಲ್ಲಿ, ಗರಿಷ್ಠವಾಗಿ ಮುಂದೆ ಇಳಿಯತೊಡಗುತ್ತದೆ. ಕೊಳವೆ ಕೆಂಪಗೆ ಕಾದರೆ ಒಲೆ ಚೆನ್ನಾಗಿ ಉರಿಯುತ್ತಿದೆಯೆಂದು ಹಿಗ್ಗಬೇಕಾಗಿಲ್ಲ; ಗುಮ್ಮಟಕ್ಕೆ ಸೇರಬೇಕಾದ ಶಾಖ ಆಕಾಶದ ಪಾಲಾಗುತ್ತಿದೆ ಎಂದೇ ಅದರ ಅರ್ಥ.

ಕೊಳವೆಯ ಸ್ಥಾನ ಮತ್ತು ಅಳತೆ

ಕೊಳವೆಯನ್ನು ಗುಮ್ಮಟದ ನೆತ್ತಿಗೆ ಜೋಡಿಸಿದರೆ ಅತ್ಯಂತ ಬಿಸಿಯಾದ ಅನಿಲವೇ ಮೊದಲು ಪಲಾಯನ ಮಾಡುತ್ತದೆ. ಆದುದರಿಂದ ಅದರ ಯೋಗ್ಯ ಸ್ಥಾನ ಬಾಯಿಯ ಹೊರಗೆ, ಮುಂಭಾಗದ ಸಣ್ಣ ಕಮಾನಿನ ಮೇಲೆ. ಆಗ ಒಳಬಾಯಿಗೆ ಮುಚ್ಚಳವಿಟ್ಟೊಡನೆ ಗುಮ್ಮಟ ಕೊಳವೆಯಿಂದ ಬೇರ್ಪಟ್ಟು, ಶಾಖ ಬಹುಕಾಲ ಒಳಗೆ ಉಳಿಯುತ್ತದೆ. ಕಮಾನಿನಿಂದ ಕೊಳವೆಗೆ ಹೋಗುವ ದಾರಿ ಆಲಿಕೆಯಂತೆ ನುಣುಪಾಗಿ ಕಿರಿದಾಗಬೇಕು. ಮನೆಗಳ ಅಗ್ಗಿಷ್ಟಿಕೆಗಳ ಕಂಠವನ್ನು ಕಿರಿದುಗೊಳಿಸಿದರೆ ಹೊಗೆ ಕೋಣೆಗೆ ಹಿಂದಿರುಗುವುದಿಲ್ಲವೆಂದು ಕೌಂಟ್ ರಂಫರ್ಡ್ 1796ರಲ್ಲೇ ತೋರಿಸಿಕೊಟ್ಟಿದ್ದನು.

ಸುಮಾರು 80 ಸೆಂಟಿಮೀಟರ್ ವ್ಯಾಸದ ಒಲೆಗೆ 15 ಸೆಂಟಿಮೀಟರ್, ಒಂದು ಮೀಟರಿನ ಒಲೆಗೆ 20 ಸೆಂಟಿಮೀಟರ್ ವ್ಯಾಸದ ಕೊಳವೆ ರೂಢಿಯಲ್ಲಿದೆ. 10 ಸೆಂಟಿಮೀಟರಿನ ಎರಡು ಕೊಳವೆಗಳು 15ರ ಒಂದಕ್ಕೆ ಸಮವೆಂದು ಭಾವಿಸಬಾರದು. ಅವುಗಳ ಒಟ್ಟು ಅಡ್ಡಕೊಯ್ತ 157 ಚದರ ಸೆಂಟಿಮೀಟರ್, ಒಂಟಿ ಕೊಳವೆಯದು 177. ಜೊತೆಗೆ ಎರಡರಲ್ಲಿ ಗೋಡೆಯ ಘರ್ಷಣೆಯೂ ಹೆಚ್ಚು. ಎತ್ತರ ಒಂದು ಮೀಟರಿಗೆ ಕಡಿಮೆಯಿರದಿರಲಿ. ತೀವ್ರ ತಿರುವುಗಳು ಬೇಡ. ತುದಿಗೆ ಮಳೆನೀರು ತಡೆಯುವ ಟೋಪಿಯಿರಲಿ.

ಕೊಳವೆಗೆ ತುಕ್ಕುಹಿಡಿಯದ ಉಕ್ಕು ಉತ್ತಮ. ಸತುವಿನ ಲೇಪವುಳ್ಳ ತಗಡು ಕೂಡದು. ಸತು 420 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಅದರ ಧೂಮ ಜ್ವರ ತರಿಸುತ್ತದೆ. ಕಲ್ನಾರಿನ ಸಿಮೆಂಟು ಕೊಳವೆಯೂ ಕೂಡದು. ಅದರ ಎಳೆಗಳು ಶ್ವಾಸಕೋಶಕ್ಕೆ ಹಾನಿಕರ. 300 ಡಿಗ್ರಿ ಕಾದಾಗ ಒಂದು ಮೀಟರ್ ಉದ್ದದ ಇಂಥ ಉಕ್ಕಿನ ಕೊಳವೆ ಸುಮಾರು 5 ಮಿಲಿಮೀಟರ್ ಉದ್ದವಾಗುತ್ತದೆ, ಅಗಲವೂ ಹಿಗ್ಗುತ್ತದೆ. ಇಟ್ಟಿಗೆ ಅಷ್ಟು ಹಿಗ್ಗುವುದಿಲ್ಲ. ಕೊಳವೆಯನ್ನು ಗಾರೆಯಲ್ಲಿ ಬಿಗಿದುಬಿಟ್ಟರೆ ಕಮಾನು ಸೀಳುವುದು ನಿಶ್ಚಯ. ಸುತ್ತ ಕಿರಿಯ ಅಂತರ ಬಿಟ್ಟು, ಶಾಖ ತಾಳುವ ಸಿರಾಮಿಕ್ ಹಗ್ಗವನ್ನು ಅಲ್ಲಿ ತುಂಬಬೇಕು.

ತಿರುಗುಬಿಲ್ಲೆಯ ಮರ್ಮ

ಡ್ಯಾಂಪರ್ ಎಂದರೆ ಕೊಳವೆಯೊಳಗೆ ಅಡ್ಡಸರಳಿನ ಮೇಲೆ ತಿರುಗುವ ಉಕ್ಕಿನ ಬಿಲ್ಲೆ. ಸರಳಿನ ಹಿಡಿಯನ್ನು ಬಿಲ್ಲೆಯ ಸಮತಲದಲ್ಲೇ ಜೋಡಿಸಿದರೆ ಒಳಗಿನ ಸ್ಥಿತಿ ಹೊರಗಿನಿಂದಲೇ ತಿಳಿಯುತ್ತದೆ: ಹಿಡಿ ನೆಟ್ಟಗಿದ್ದರೆ ದಾರಿ ತೆರೆದಿದೆ, ಅಡ್ಡಲಾಗಿದ್ದರೆ ಮುಚ್ಚಿದೆ. ಆದರೆ ಅರ್ಧ ತಿರುಗಿಸಿದರೆ ಅರ್ಧ ಮುಚ್ಚುವುದೆಂಬುದು ತಪ್ಪು ತಿಳಿವಳಿಕೆ. ತಡೆಯುವ ಅಡ್ಡಕೊಯ್ತವು ಕೋನದ ಸೈನ್ ಬೆಲೆಯನ್ನು ಅನುಸರಿಸುತ್ತದೆ. 30 ಡಿಗ್ರಿ ತಿರುಗಿಸಿದಾಗಲೇ ಅರ್ಧ ದಾರಿ ಮುಚ್ಚಿಹೋಗುತ್ತದೆ. 45 ಡಿಗ್ರಿಗೆ ಶೇಕಡಾ 71ರಷ್ಟು. ಆದುದರಿಂದ ಹಿಡಿಯನ್ನು ಸ್ವಲ್ಪಸ್ವಲ್ಪವಾಗಿಯೇ ತಿರುಗಿಸಬೇಕು.

ಉರಿ ಹೊತ್ತಿಸುವಾಗ ಬಿಲ್ಲೆ ಪೂರ್ಣ ತೆರೆದಿರಲಿ. ತಣ್ಣನೆಯ ಕೊಳವೆಗೆ ಎತ್ತುವ ಬಲವಿಲ್ಲ. ಅದರ ಬುಡದಲ್ಲಿ ಒಂದು ಕಾಗದದ ಸುರುಳಿಯನ್ನು ಉರಿಸಿದರೆ ಪ್ರವಾಹ ಆರಂಭವಾಗುತ್ತದೆ. ಗುಮ್ಮಟದ ಒಳಮೈಯ ಮಸಿ ಸುಟ್ಟುಹೋಗಿ ಇಟ್ಟಿಗೆ ಬೆಳ್ಳಗೆ ಕಂಡಾಗ ಒಲೆ ಕಾದಿದೆಯೆಂದು ತಿಳಿದು ಬಿಲ್ಲೆಯನ್ನು ತುಸು ತಗ್ಗಿಸಬಹುದು. ಬಾಯಿಯ ಅಂಚಿನಿಂದ ಹೊಗೆ ಇಣುಕಿದೊಡನೆ ಮತ್ತೆ ತೆರೆಯಬೇಕು. ಹಸಿ ಸೌದೆಯನ್ನು ಹಾಕಿ ಬಿಲ್ಲೆಯನ್ನು ತಗ್ಗಿಸಿದರೆ, ತಣಿದ ಕೊಳವೆಯೊಳಗೆ ಡಾಂಬರಿನಂಥ ಜಿಗಟು ಕಟ್ಟುತ್ತದೆ. ಮುಂದೊಂದು ದಿನ ಅದಕ್ಕೇ ಬೆಂಕಿ ಹಿಡಿಯಬಹುದು.

ಕಾಣದ ಅಪಾಯ

ಉರಿಯಡಗಿ ಕೆಂಡ ಮಾತ್ರ ಉಳಿದಾಗ ಹೊಗೆಯೇ ಕಾಣುವುದಿಲ್ಲ. ‘ಇನ್ನು ಮುಚ್ಚಿದರೇನು?’ ಎಂದು ತೋರುವುದು ಸಹಜ. ಆದರೆ ಗಾಳಿ ಸಾಲದೆ ಉರಿಯುವ ಕೆಂಡವು ಕಾರ್ಬನ್ ಮಾನಾಕ್ಸೈಡನ್ನು ಹೇರಳವಾಗಿ ಉತ್ಪತ್ತಿ ಮಾಡುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಒಲವಿನಿಂದ ಇದನ್ನು ಹಿಡಿದುಕೊಳ್ಳುತ್ತದೆ. ಬಯಲಿನಲ್ಲಿ ಇದು ಚದುರಿಹೋಗುತ್ತದೆ. ಮಳೆಗೆಂದು ಒಲೆಯ ಸುತ್ತ ಟಾರ್ಪಾಲು ಕಟ್ಟಿದಾಗ, ಅಥವಾ ಗೋಡೆಗಳ ನಡುವಿನ ತಗಡಿನ ಮಾಡಿನಡಿ ಒಲೆಯಿದ್ದಾಗ ಹಾಗಲ್ಲ. ಆದುದರಿಂದ ಪೂರ್ತಿ ಮುಚ್ಚಿದಾಗಲೂ ಸ್ವಲ್ಪ ದಾರಿ ಉಳಿಯುವಂತೆ ಬಿಲ್ಲೆಯಲ್ಲಿ ರಂಧ್ರಗಳಿರಬೇಕು. ರೊಟ್ಟಿ ಬೇಯಿಸಲು ಒಳಬಾಯಿಯನ್ನು ಮುಚ್ಚಬೇಕಾದರೆ ಕೆಂಡವನ್ನು ಮೊದಲೇ ಎಳೆದು ತೆಗೆದು, ಬಯಲಿನಲ್ಲಿ ನೀರು ಹಾಕಿ ಆರಿಸಬೇಕು.

ಈ ವಿಚಾರ ಹವ್ಯಾಸಿಗಳ ಹಿತ್ತಿಲಿಗಷ್ಟೇ ಸೇರಿದುದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕವು ನಮ್ಮ ಹಳ್ಳಿಗಳ ಅಡುಗೆಮನೆಗಾಗಿ ರೂಪಿಸಿದ ಮೂರು ಪಾತ್ರೆಗಳ ಅಸ್ತ್ರ ಒಲೆಯಲ್ಲೂ ಹೊಗೆ ಹೊರಹೋಗುವುದು ಇದೇ ಅರ್ಧ ಮಿಲಿಮೀಟರ್ ನೀರಿನಷ್ಟರ ಒತ್ತಡದ ಅಂತರದಿಂದ. ಪಿಜ್ಜಾ ಬೇಯಿಸುವವನು ಹೊಗೆ ತಾಳಲಾರದೆ ಹೋದರೆ ಎದ್ದು ದೂರ ನಿಲ್ಲಬಹುದು. ದಿನವೂ ಎರಡು ಹೊತ್ತು ಸೌದೆಯ ಒಲೆಯ ಮುಂದೆ ಕೂರಬೇಕಾದ ಗೃಹಿಣಿಗೆ ಆ ಅನುಕೂಲವಿಲ್ಲ. ಹೊಗೆಗೂಡಿನ ಲೆಕ್ಕವನ್ನು ಅರಿತವರು ಅದನ್ನು ಅಂಥ ಅಡುಗೆಮನೆಯಲ್ಲೂ ಒಮ್ಮೆ ಹಾಕಿ ನೋಡಬೇಕು.