ನಿವೇಶನದ ಬಳಕೆ, ಬೀದಿಯ ಭಾರ

ನಗರದ ವಾಹನ ಸಂಚಾರವನ್ನು ಹೊಳೆಯ ಪ್ರವಾಹಕ್ಕೆ ಹೋಲಿಸುವುದು ವಾಡಿಕೆ. ಹೊಳೆಯ ನೀರು ಎಲ್ಲಿಂದ ಬಂದಿತೆಂದು ಯಾರಾದರೂ ಕೇಳಿದರೆ, ಅದರ ಜಲಾನಯನ ಪ್ರದೇಶದಲ್ಲಿ ಸುರಿದ ಮಳೆಯನ್ನು ನಾವು ತೋರಿಸುತ್ತೇವೆ. ಬೀದಿಯ ವಾಹನಗಳು ಎಲ್ಲಿಂದ ಬಂದುವೆಂದು ಕೇಳಿದರೆ ಮಾತ್ರ, ‘ಊರು ಬೆಳೆಯಿತು’ ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಉತ್ತರ ಸಾಲದು. ಸಂಚಾರಕ್ಕೂ ಒಂದು ಜಲಾನಯನ ಪ್ರದೇಶವುಂಟು. ಅದು ಯಾವುದು, ಅದು ಬದಲಾದಾಗ ಬೀದಿಗೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಚಲಿಸುವ ಸುಖಕ್ಕಾಗಿಯೇ ವಾಹನವೇರುವವರು ವಿರಳ. ಮನೆಯಿಂದ ಶಾಲೆಗೆ, ಕಚೇರಿಯಿಂದ ಅಂಗಡಿಗೆ, ಉಗ್ರಾಣದಿಂದ ಹೋಟೆಲಿಗೆ, ಹೀಗೆ ಪ್ರತಿಯೊಂದು ಪ್ರಯಾಣವೂ ಒಂದು ಕಟ್ಟಡದಲ್ಲಿ ಹುಟ್ಟಿ ಇನ್ನೊಂದರಲ್ಲಿ ಮುಗಿಯುತ್ತದೆ. ನಗರದ ಸಂಚಾರವು ಭೂಮಿಯ ಬಳಕೆಯನ್ನು ಅವಲಂಬಿಸಿದ ಫಲವೆಂಬ ಈ ತತ್ತ್ವವನ್ನು ಅಮೆರಿಕದ ರಾಬರ್ಟ್ ಮಿಚೆಲ್ ಮತ್ತು ಚೆಸ್ಟರ್ ರ‍್ಯಾಪ್ಕಿನ್ ಎಂಬ ವಿದ್ವಾಂಸರು 1954ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಶದಪಡಿಸಿದರು. ಮಳೆ ಬೀಳುವ ನೆಲ ಹೊಳೆಗೆ ಹೇಗೋ, ಕಟ್ಟಡ ನಿಂತ ನಿವೇಶನವು ಬೀದಿಗೆ ಹಾಗೆ.

ನಮ್ಮ ರಾಜ್ಯದಲ್ಲಿ ಈ ತತ್ತ್ವದ ಪ್ರಭಾವವನ್ನು ಕಾಣಲು ಬೆಂಗಳೂರಿಗಿಂತ ಉತ್ತಮವಾದ ಸ್ಥಳವಿಲ್ಲ. 1951ರ ಜನಗಣತಿಯಲ್ಲಿ ಸುಮಾರು 8 ಲಕ್ಷ ಜನರಿದ್ದ ಆ ನಗರದಲ್ಲಿ, 2011ರ ವೇಳೆಗೆ ಪಾಲಿಕೆಯ ವ್ಯಾಪ್ತಿಯಲ್ಲಿಯೇ 84 ಲಕ್ಷ ಜನರಿದ್ದರು. 2022ರಲ್ಲಿ ನಗರದ ನಡುಭಾಗದಲ್ಲಿ 10 ಕಿಲೋಮೀಟರು ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಯಿತೆಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಹಾಕಿತು. ಸೈಕಲ್ ಸವಾರನೂ ಅಷ್ಟೇ ಹೊತ್ತಿನಲ್ಲಿ ಅಷ್ಟು ದೂರ ಹೋಗಬಲ್ಲನು! ಇಂದಿರಾನಗರ, ಕೋರಮಂಗಲದಂತಹ ಬಡಾವಣೆಗಳು ಮುಖ್ಯವಾಗಿ ವಾಸದ ಮನೆಗಳಿಗೆಂದು ರೂಪುಗೊಂಡವು. ಅಲ್ಲಿನ ಎಷ್ಟೋ ಮನೆಗಳು ಕ್ರಮೇಣ ಕಚೇರಿಗಳಾದವು, ಅಂಗಡಿಗಳಾದವು, ಉಪಾಹಾರ ಗೃಹಗಳಾದವು. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆಯು ವಾಸ ಮತ್ತು ವ್ಯಾಪಾರಗಳ ಮಿಶ್ರ ಬಳಕೆಗೆ ಹೆಚ್ಚಿನ ಅವಕಾಶವಿತ್ತಿತು. ನಿವಾಸಿಗಳು ಆಕ್ಷೇಪಿಸಿದರು. ‘ಅವರವರ ನಿವೇಶನ, ಅವರವರ ಇಷ್ಟ, ನೆರೆಯವರಿಗೇಕೆ ಚಿಂತೆ?’ ಎಂದು ಕೇಳುವವರೂ ಇದ್ದಾರೆ. ಈ ಪ್ರಶ್ನೆಗೆ ಗಣಿತದಿಂದಲೇ ಉತ್ತರ ಹುಡುಕೋಣ.

ಒಂದು ಮನೆಯ ಲೆಕ್ಕ

ನಲವತ್ತು ಮನೆಗಳಿರುವ ಒಂದು ಅಡ್ಡರಸ್ತೆಯನ್ನು ಕಲ್ಪಿಸಿಕೊಳ್ಳಿ. ಪ್ರತಿಯೊಂದು ಮನೆಯ ವಾಹನಗಳು ಒಟ್ಟಾಗಿ ದಿನಕ್ಕೆ 8 ಸಲ ಬಂದುಹೋಗುವುವೆಂದರೆ, ಆ ಬೀದಿಯ ಭಾರ 320. ಈಗ ಒಂದು ಮನೆಯನ್ನು 60 ಆಸನಗಳ ಉಪಾಹಾರ ಗೃಹವನ್ನಾಗಿ ಮಾಡಿದರೆಂದು ಭಾವಿಸೋಣ. ಒಂದೊಂದು ಆಸನಕ್ಕೆ ದಿನಕ್ಕೆ ನಾಲ್ವರಂತೆ 240 ಗಿರಾಕಿಗಳು. ವಾಹನಕ್ಕೆ ಇಬ್ಬರಂತೆ 120 ವಾಹನಗಳು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಎಣಿಸಿದರೆ 240 ಪ್ರಯಾಣಗಳು. ಮೊದಲಿನ ಮನೆಯ 8ನ್ನು ಕಳೆದು ಇದನ್ನು ಕೂಡಿಸಿದರೆ ಬೀದಿಯ ಭಾರ 552 ಆಗುತ್ತದೆ. ಬದಲಾದುದು ನಲವತ್ತರಲ್ಲಿ ಒಂದು ನಿವೇಶನ ಮಾತ್ರ. ಭಾರವಾದರೋ ಮುಕ್ಕಾಲು ಪಾಲಿನಷ್ಟು ಏರಿತು. ತರಕಾರಿ, ಅನಿಲದ ಸಿಲಿಂಡರು ತರುವ ಗಾಡಿಗಳನ್ನು ನಾವಿನ್ನೂ ಎಣಿಸಿಲ್ಲ.

ವಾಹನ ನಿಲ್ಲುವ ಜಾಗದ ಲೆಕ್ಕವೂ ಉಂಟು. ಆಸನಗಳೆಲ್ಲ ತುಂಬಿದಾಗ 30 ವಾಹನಗಳು ಬಂದಿರುತ್ತವೆ. ಅವುಗಳಲ್ಲಿ 10 ಕಾರುಗಳೆಂದುಕೊಂಡರೂ, ಕಾರೊಂದಕ್ಕೆ 6 ಮೀಟರಿನಂತೆ ರಸ್ತೆಯ ಅಂಚಿನಲ್ಲಿ 60 ಮೀಟರು ಬೇಕು. 40 ಅಡಿ ಅಗಲದ ನಿವೇಶನದ ಮುಂಭಾಗ ಸುಮಾರು 12 ಮೀಟರು. ಆದುದರಿಂದ ಆ ವಾಹನಗಳು ನಾಲ್ಕು ನೆರೆಮನೆಗಳ ಬಾಗಿಲನ್ನೂ ಆಕ್ರಮಿಸುತ್ತವೆ. 30 ಅಡಿಯ ರಸ್ತೆಯ ಎರಡು ಬದಿಗಳಲ್ಲಿಯೂ ಕಾರುಗಳು ನಿಂತರೆ ನಡುವೆ ಉಳಿಯುವುದು 5 ಮೀಟರು. ಅಷ್ಟರಲ್ಲಿಯೇ ಇದಿರುಬದಿರಾಗಿ ಬರುವ ಗಾಡಿಗಳೂ, ಶಾಲೆಗೆ ಹೋಗುವ ಮಕ್ಕಳೂ, ಅವಸರದ ಆಂಬುಲೆನ್ಸೂ ಸಾಗಬೇಕು.

ಸ್ವಲ್ಪ ಹೆಚ್ಚಿದರೆ ಬಹಳ ಹೆಚ್ಚುವುದೇಕೆ?

‘ಮೊನ್ನೆಮೊನ್ನೆಯವರೆಗೆ ಎಲ್ಲವೂ ಸರಿಯಾಗಿತ್ತು, ಇದ್ದಕ್ಕಿದ್ದಂತೆ ಕೆಟ್ಟಿತು’ ಎಂದು ನಿವಾಸಿಗಳು ಹೇಳುವುದುಂಟು. ಇದು ಅತಿಶಯೋಕ್ತಿಯಲ್ಲ. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನು ದೂರವಾಣಿ ಕರೆಗಳನ್ನು ಕುರಿತು 1909ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಸರದಿಸಾಲಿನ ಗಣಿತ ಆರಂಭವಾಯಿತು. ಅದು ಬೀದಿಯ ತಿರುವಿಗೂ ಅನ್ವಯಿಸುತ್ತದೆ. ಒಂದು ತಿರುವಿನಲ್ಲಿ ನಿಮಿಷಕ್ಕೆ ಸರಾಸರಿ 10 ವಾಹನಗಳು ದಾಟಬಲ್ಲುವೆನ್ನೋಣ. ವಾಹನಗಳು ಬರುವುದೂ ದಾಟುವುದೂ ಅನಿಯತವಾಗಿರುವಾಗ, ದಾಟಬಲ್ಲ ಸಂಖ್ಯೆಯಿಂದ ಬರುವ ಸಂಖ್ಯೆಯನ್ನು ಕಳೆದು, ಉಳಿದುದರಿಂದ 1ನ್ನು ಭಾಗಿಸಿದರೆ, ಒಂದು ವಾಹನವು ಅಲ್ಲಿ ಕಳೆಯುವ ಸರಾಸರಿ ಕಾಲವು ನಿಮಿಷಗಳಲ್ಲಿ ದೊರೆಯುತ್ತದೆ. ನಿಮಿಷಕ್ಕೆ 8 ವಾಹನಗಳು ಬಂದರೆ ಆ ಕಾಲ ಅರ್ಧ ನಿಮಿಷ. 9 ಬಂದರೆ ಒಂದು ನಿಮಿಷ. ಒಂಬತ್ತೂವರೆ ಬಂದರೆ ಎರಡು ನಿಮಿಷ! ಕೊನೆಯ ಹಂತದಲ್ಲಿ ವಾಹನಗಳು ಹೆಚ್ಚಿದುದು ನೂರಕ್ಕೆ ಆರರಷ್ಟೂ ಅಲ್ಲ. ವಿಳಂಬವು ಎರಡು ಪಟ್ಟಾಯಿತು. ತುಂಬುವ ಅಂಚಿಗೆ ಬಂದ ಬೀದಿಗೆ ಒಂದೇ ಒಂದು ನಿವೇಶನದ ಬದಲಾವಣೆಯೂ ಹೊರೆಯಾಗುವುದು ಹೀಗೆ.

ವಿಳಂಬಕ್ಕಿಂತ ಆಳವಾದ ನಷ್ಟವೊಂದುಂಟು. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ವಿಜ್ಞಾನಿಯು ಸಾನ್ ಫ್ರಾನ್ಸಿಸ್ಕೋ ನಗರದ ಮೂರು ಬೀದಿಗಳನ್ನು ಹೋಲಿಸಿ ಸಂಗಡಿಗನೊಡನೆ 1972ರಲ್ಲಿ ಲೇಖನ ಪ್ರಕಟಿಸಿದನು. ದಿನಕ್ಕೆ ಸುಮಾರು 2,000 ವಾಹನಗಳು ಸಾಗುತ್ತಿದ್ದ ಬೀದಿಯಲ್ಲಿ ಒಬ್ಬೊಬ್ಬ ನಿವಾಸಿಗೂ ಅದೇ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರಿದ್ದರು. ಸುಮಾರು 16,000 ವಾಹನಗಳ ಬೀದಿಯಲ್ಲಿ ಒಬ್ಬ ಗೆಳೆಯನಿಗೂ ಕಡಮೆ! ಜಗಲಿಯ ಮಾತು, ಬಾಗಿಲ ಮುಂದಿನ ಆಟ, ಕಷ್ಟಕಾಲಕ್ಕೆ ಓಡಿಬರುವ ನೆರೆಯವನು, ಇವೆಲ್ಲ ವಾಹನಗಳ ಸಂಖ್ಯೆಯೊಡನೆ ಕುಗ್ಗಬಲ್ಲುವು.

ಹಾಗಾದರೆ ವಾಸದ ಬೀದಿಯಲ್ಲಿ ವ್ಯಾಪಾರವೇ ಕೂಡದೆ? ಅದು ಸರಿಯಾದ ತೀರ್ಮಾನವಲ್ಲ. ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇದ್ದುದು ಸಾಮಾನ್ಯ. ಬೀದಿಯ ತಿರುವಿನ ದಿನಸಿ ಅಂಗಡಿಗೆ ನೆರೆಯವರು ನಡೆದೇ ಹೋಗುತ್ತಾರೆ. ಅದು ಪ್ರಯಾಣಗಳನ್ನು ಉಳಿಸುತ್ತದೆ. ದೂರದ ಬಡಾವಣೆಗಳಿಂದ ಗಿರಾಕಿಗಳನ್ನು ಕರೆತರುವ ಮಳಿಗೆಯಾದರೋ ಪ್ರಯಾಣಗಳನ್ನು ಹುಟ್ಟಿಸುತ್ತದೆ. ಎರಡಕ್ಕೂ ‘ವಾಣಿಜ್ಯ’ವೆಂಬ ಒಂದೇ ಹೆಸರು ಸಾಲದು. ಯಾವ ಬಳಕೆ, ಎಷ್ಟು ದೊಡ್ಡದು, ಎಷ್ಟು ಅಗಲದ ರಸ್ತೆಯಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಅನುಮತಿಗೆ ಮೊದಲೇ ಕೇಳಬೇಕು.

ಕೇಳುವ ಹಕ್ಕು ಯಾರದು?

ಇದಕ್ಕೆ ಉತ್ತರ ಕೊಟ್ಟುದೂ ಬೆಂಗಳೂರಿನ ಒಂದು ಪ್ರಕರಣವೇ. ರಾಜಮಹಲ್ ವಿಲಾಸ್ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಒಂದು ಜಾಗವನ್ನು ಖಾಸಗಿ ಶುಶ್ರೂಷಾಲಯ ಕಟ್ಟಲು ಒಂದು ವೈದ್ಯಕೀಯ ನ್ಯಾಸಕ್ಕೆ ಹಂಚಲಾಯಿತು. ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದ ಮುಂದೆ ಸೋತ ಅವರು ವಿಭಾಗೀಯ ಪೀಠದ ಮುಂದೆ ಗೆದ್ದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗೆಲುವನ್ನು ಎತ್ತಿಹಿಡಿಯಿತು. ಬಡಾವಣೆಯ ಬಯಲು ಅಲ್ಲಿ ವಾಸಿಸುವವರೆಲ್ಲರ ಹಿತಕ್ಕಾಗಿರುವುದರಿಂದ, ಅದು ಬೇರೆಯ ಬಳಕೆಗೆ ಹೋಗುವಾಗ ಪ್ರಶ್ನಿಸುವ ಅಧಿಕಾರ ಅವರಿಗುಂಟೆಂಬುದು ತೀರ್ಪಿನ ಸಾರ. ಶುಶ್ರೂಷಾಲಯ ಬೇಡದ ವಸ್ತುವೇನೂ ಅಲ್ಲ. ಆದರೆ ಅದು ಉದ್ಯಾನದ ಸ್ಥಾನವನ್ನು ತುಂಬಲಾರದು.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಲ್ಲಿಯೂ ಈ ಹಕ್ಕಿಗೆ ಎಡೆಯುಂಟು. ಯೋಜನೆಯಲ್ಲಿ ನಮೂದಾದ ಬಳಕೆಯನ್ನು ಈ ಕಲಮಿನಂತೆ ಬದಲಿಸಬೇಕಾದಾಗ ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ, ಕನಿಷ್ಠ 15 ದಿನಗಳ ಕಾಲಾವಕಾಶವಿತ್ತು ಆಕ್ಷೇಪಣೆಗಳನ್ನು ಕರೆಯಬೇಕು. ‘ತೊಂದರೆಯಾಗುತ್ತದೆ’ ಎಂದಷ್ಟೇ ಬರೆದ ಆಕ್ಷೇಪಣೆಯನ್ನು ಬದಿಗೆ ಸರಿಸುವುದು ಸುಲಭ. ಎಣಿಸಿ ಬರೆದುದನ್ನು ಸರಿಸುವುದು ಅಷ್ಟು ಸುಲಭವಲ್ಲ.

ಈ ಎಣಿಕೆಗೆ ಯಂತ್ರವೇನೂ ಬೇಕಿಲ್ಲ. ವಿದ್ಯಾರ್ಥಿಗಳು ನಾಲ್ವರು ಸೇರಿ, ತಮ್ಮ ಬೀದಿಯ ತಿರುವಿನಲ್ಲಿ ಸುರಕ್ಷಿತ ಸ್ಥಳದಲ್ಲಿ ಕುಳಿತು, ಬೆಳಗ್ಗೆ, ಮಧ್ಯಾಹ್ನ ಮತ್ತು ಸಂಜೆ ಹದಿನೈದು ಹದಿನೈದು ನಿಮಿಷ ಸೈಕಲ್, ಸ್ಕೂಟರ್, ಕಾರು, ಲಾರಿಗಳನ್ನು ಬೇರೆಬೇರೆಯಾಗಿ ಗುರುತು ಹಾಕಲಿ. ರಸ್ತೆಯ ಅಗಲವನ್ನೂ, ನಿಂತ ವಾಹನಗಳು ನುಂಗಿದ ಉದ್ದವನ್ನೂ ಹೆಜ್ಜೆಯಿಂದ ಅಳೆಯಲಿ. ಒಂದು ವಾರದ ಇಂತಹ ಪಟ್ಟಿಯನ್ನು ಮುಂದಿನ ವರ್ಷದ ಪಟ್ಟಿಯೊಡನೆ ಹೋಲಿಸಿದರೆ, ಯಾವ ನಿವೇಶನ ಬೀದಿಗೆ ಎಷ್ಟು ಭಾರ ಹೊರಿಸಿತೆಂಬುದರ ಸುಳಿವು ಸಿಗುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಈ ಕೆಲಸಕ್ಕೆ ಕಾಲ ಬಹಳ ಮೀರಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಯಂತಹ ಊರುಗಳಲ್ಲಿ, ಮನೆಗಳ ಸಾಲಿನ ನಡುವೆ ಮೊದಲ ಮಳಿಗೆ ಏಳುವ ಮುನ್ನವೇ ಮೊದಲ ಪಟ್ಟಿಯನ್ನು ಬರೆದಿಡಲು ಇನ್ನೂ ಅವಕಾಶವಿದೆ.