ನಿಮಗಿದು ಗೊತ್ತೆ? ಹತ್ತಿಗೆ ಜೀನ್ ಹೊತ್ತು ತಂದ ರೋಗಾಣು
ಯಲವಿಗಿ, ಸವಣೂರು ಕಡೆಯ ಹೊಲಗಳ ಬಿಟಿ (ಕುಲಾಂತರಿ) ಹತ್ತಿಯ ಹಿಂದೆ ಒಂದು ರೋಗಾಣುವಿನ ಕೈವಾಡವಿದೆ! ಅಗ್ರೊಬ್ಯಾಕ್ಟೀರಿಯಂ ಎಂಬ ಈ ಮಣ್ಣಿನ ಬ್ಯಾಕ್ಟೀರಿಯಾ ಗುಲಾಬಿ, ದ್ರಾಕ್ಷಿ ಗಿಡಗಳ ಬುಡದ ಗಾಯದೊಳಗೆ ನುಸುಳಿ, ತನ್ನ ಡಿಎನ್‌ಎಯ ತುಣುಕೊಂದನ್ನು ಗಿಡದ ಜೀವಕೋಶಕ್ಕೇ ಸೇರಿಸಿಬಿಡುತ್ತದೆ. ಅಲ್ಲಿ ಒರಟು ಗಂಟು ಬೆಳೆಯುತ್ತದೆ. ಬ್ಯಾಕ್ಟೀರಿಯಾದ ಆಹಾರವನ್ನೂ ಆ ಗಂಟೇ ತಯಾರಿಸುತ್ತದೆ. ರೋಗಕಾರಕವನ್ನು 1907ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸ್ಮಿತ್ ಮತ್ತು ಟೌನ್‌ಸೆಂಡ್ ಗುರುತಿಸಿದರು. ಡಿಎನ್‌ಎ ಸಾಗಣೆಯನ್ನು 1977ರಲ್ಲಿ ವಿಜ್ಞಾನಿ ಮೇರಿ-ಡೆಲ್ ಚಿಲ್ಟನ್ ತಂಡ ತೋರಿಸಿಕೊಟ್ಟಿತು. ಮುಂದೆ ವಿಜ್ಞಾನಿಗಳು ಗಂಟು ಬರಿಸುವ ಜೀನ್‌ಗಳನ್ನು ತೆಗೆದು, ಕಾಯಿಕೊರಕ ಹುಳುವನ್ನು ಕೊಲ್ಲುವ ಜೀನ್ ಇಟ್ಟು, ಈ ಬ್ಯಾಕ್ಟೀರಿಯಾದ ಮೂಲಕವೇ ಅದನ್ನು ಹತ್ತಿಗೆ ಸಾಗಿಸಿದರು. ಶತ್ರುವನ್ನೇ ದುಡಿಸಿಕೊಂಡ ಇಂಥ ಜಾಣ್ಮೆ ಅಪರೂಪ. ಭಾರತ 2002ರಲ್ಲಿ ಒಪ್ಪಿದ ಮೊದಲ ಬಿಟಿ ಹತ್ತಿ ಬಂದದ್ದು ಹೀಗೆ. ಅಂದಹಾಗೆ, ಗುಲಾಬಿ ಸಸಿಯ ಬುಡದಲ್ಲಿ ಗಂಟು ಕಂಡರೆ ಕೊಳ್ಳಬೇಡಿ. ರೋಗ ತಗುಲಿದ ಗಿಡಕ್ಕೆ ಮದ್ದಿಲ್ಲ.